ಹರಡು ಎಂದರೆ ಎಲ್ಲಿ?

"ಹರಡು ಬಾತದ್ರೀ ಸಾಹೇಬ್ರ, ನಾಕ್ ದಿನಾತು" ಎಂದಳು ಅಜ್ಜಿ.

ವಡಗೇರಾದಿಂದ ಬೆಳಗಿನ ಬಸ್ಸು ಹಿಡಿದು ನಗರದ ಆಸ್ಪತ್ರೆಯೊಂದಕ್ಕೆ ಅವಳನ್ನು ಕರೆತಂದಿದ್ದೆ. ಎರಡು ಗಂಟೆ ಕಾದ ಮೇಲೆ ನಮ್ಮ ಸರದಿ ಬಂದಿತ್ತು. ಎದುರಿಗಿದ್ದವರು ದಕ್ಷಿಣದ ಜಿಲ್ಲೆಯಿಂದ ಬಂದ ಯುವ ವೈದ್ಯರು. ಸೌಮ್ಯ ಸ್ವಭಾವದವರು, ಅಚ್ಚ ಕನ್ನಡಿಗರು. ಅವರು ತಲೆಯೆತ್ತಿ ಕೇಳಿದರು: "ಏನು ಹರಡಿದೆ ಅಜ್ಜಿ? ಬಾವು ಎಲ್ಲಿಂದ ಎಲ್ಲಿಗೆ ಹರಡಿದೆ?"

"ಹರಡಿಲ್ಲರೀ. ಹರಡೇ ಬಾತದ."

ವೈದ್ಯರು ನನ್ನ ಮುಖ ನೋಡಿದರು. ಪತ್ರಿಕೋದ್ಯಮದಲ್ಲಿ ಡಿಪ್ಲೊಮಾ ಮಾಡಿ, ದಿನಕ್ಕೆ ನಾಲ್ಕು ಸುದ್ದಿ ಬರೆಯುವ ನಾನು ಅಜ್ಜಿಯ ಮುಖ ನೋಡಿದೆ. ನನಗೂ ಆ ಪದದ ಅರ್ಥ ಗೊತ್ತಿರಲಿಲ್ಲ. ಕೊನೆಗೆ ಅಜ್ಜಿಯೇ ಸೀರೆಯ ಅಂಚನ್ನು ಸ್ವಲ್ಪ ಮೇಲೆತ್ತಿ, ಪಾದ ಮತ್ತು ಕಾಲು ಕೂಡುವಲ್ಲಿ ಉಬ್ಬಿ ನಿಂತ ಎಲುಬಿನ ಮೇಲೆ ಬೆರಳಿಟ್ಟು ತೋರಿಸಿದಳು. "ಓ, ಆ್ಯಂಕಲ್!" ಎಂದರು ವೈದ್ಯರು. ನಾನೂ ಮನಸ್ಸಿನಲ್ಲಿ ಅದನ್ನೇ ಅಂದುಕೊಂಡೆ. ಮೂವರೂ ಕನ್ನಡಿಗರು. ಆದರೆ ಅಂಗೈಯಗಲದ ಆ ಜಾಗಕ್ಕೆ ಕನ್ನಡದ ಹೆಸರು ಗೊತ್ತಿದ್ದದ್ದು ಓದು ಬಾರದ ಒಬ್ಬಳಿಗೆ ಮಾತ್ರ.

ಊರಿಗೆ ಮರಳಿದ ಮೇಲೆ ನಿಘಂಟು ತೆರೆದು ನೋಡಿದೆ. ಅಜ್ಜಿಯ ಪದ ತಪ್ಪೂ ಅಲ್ಲ, ಹಳ್ಳಿಯ ಅಪಭ್ರಂಶವೂ ಅಲ್ಲ. ಹಳಗನ್ನಡದಲ್ಲಿ ಇದು 'ಪರಡು'. ತಮಿಳಿನಲ್ಲಿ ಇಂದಿಗೂ 'ಪರಡು' ಎಂಬ ರೂಪವಿದೆ. ಸುಮಾರು 10ನೇ ಶತಮಾನದಿಂದೀಚೆಗೆ ಕನ್ನಡದ ಪದಗಳ ಆರಂಭದ 'ಪ'ಕಾರ 'ಹ'ಕಾರವಾಗತೊಡಗಿತು. ಪಾಲು ಹಾಲಾಯಿತು, ಪಲ್ಲು ಹಲ್ಲಾಯಿತು, ಪೂವು ಹೂವಾಯಿತು. ಅದೇ ದಾರಿಯಲ್ಲಿ ಪರಡು ಹರಡಾಯಿತು. ಕಾಲಿನ ಗಿಣ್ಣಿಗೂ ಮುಂಗೈ ಗಿಣ್ಣಿಗೂ ಈ ಹೆಸರು ಸಲ್ಲುತ್ತದೆ. ಮುಂಗೈಗೆ ತೊಡುವ 'ಹರಡಿ' ಎಂಬ ಹಳೆಯ ಆಭರಣದ ಹೆಸರು ಕೇಳಿದವರಿಗೆ ಇದರ ನಂಟು ಹೊಳೆದೀತು. ಅಂದರೆ ಅಜ್ಜಿ ಆಡಿದ್ದು ಸಾವಿರ ವರ್ಷ ಹಳೆಯ ಪದ. ಅದು ಅರ್ಥವಾಗದೆ ಹೋದದ್ದು ಕೇಳುವವರ ಕಿವಿಯ ಕೊರತೆ.

ಬೆನ್ನ ಹಿಂದಿನ ಪದ

ಕೃಷ್ಣಾ ಮತ್ತು ಭೀಮಾ ನದಿಗಳ ನಡುವಿನ ಊರು ವಡಗೇರಾ. ಹಿಂದೆ ಶಹಾಪುರ ತಾಲ್ಲೂಕಿಗೆ ಸೇರಿದ್ದ ಇದು ಈಗ ಯಾದಗಿರಿ ಜಿಲ್ಲೆಯ ತಾಲ್ಲೂಕು ಕೇಂದ್ರಗಳಲ್ಲೊಂದು. ಇಲ್ಲಿಯ ಹಿರಿಯರ ಜೊತೆ ಒಂದು ಸಂಜೆ ಕುಳಿತರೆ ಮೈಯ ಒಂದೊಂದು ಮೂಲೆಗೂ ಹೆಸರಿರುವುದು ತಿಳಿಯುತ್ತದೆ. ಬೆನ್ನಿಗೆ ಡುಬ್ಬ, ಸೊಂಟಕ್ಕೆ ಟೊಂಕ, ಕಂಕುಳಿಗೆ ಬಗಲು, ಮೂಳೆಗೆ ಎಲುಬು, ಕುತ್ತಿಗೆಯ ಹಿಂಭಾಗಕ್ಕೆ ಹೆಡಕು.

ಈ 'ಹೆಡಕು' ನಮಗೆ ಗೊತ್ತಿಲ್ಲ ಎಂದುಕೊಂಡರೂ ಅದರ ಬಂಧುವೊಂದು ಪತ್ರಿಕೆಯ ಪುಟಗಳಲ್ಲಿ ಆಗಾಗ ಬರುತ್ತಲೇ ಇರುತ್ತದೆ. 'ಕಳ್ಳರ ಹೆಡೆಮುರಿ ಕಟ್ಟಿದ ಪೊಲೀಸರು' ಎಂಬ ತಲೆಬರಹವನ್ನು ಓದದ ಕನ್ನಡಿಗರುಂಟೇ? ಹಾಗೆ ಬರೆಯುವಾಗ ಹಾವಿನ ಹೆಡೆಯೇ ನನ್ನ ಕಣ್ಣ ಮುಂದೆ ಬರುತ್ತಿತ್ತು. ಹಾವಿಗೂ ಅದಕ್ಕೂ ಸಂಬಂಧವಿಲ್ಲ. ಹಳಗನ್ನಡದ 'ಪೆಡ' ಎಂದರೆ ಹಿಂದಿನ ಭಾಗ. ಪೆಡತಲೆ ಎಂದರೆ ತಲೆಯ ಹಿಂಭಾಗ, ಹೆಡಗೈ ಎಂದರೆ ಹಿಂದಕ್ಕೆ ಕಟ್ಟಿದ ಕೈ. ಹೆಡಮುರಿ ಎಂದರೆ ಕೈಗಳನ್ನು ಬೆನ್ನ ಹಿಂದಕ್ಕೆ ಮುರಿದು ಕಟ್ಟುವುದು. ಅಜ್ಜಿಯ ನೋಯುವ ಹೆಡಕೂ ಪೊಲೀಸರ ಹೆಡೆಮುರಿಯೂ ಒಂದೇ ಬೇರಿನವು. ನಾವು ಬಿಟ್ಟುಕೊಟ್ಟ ಪದ ನುಡಿಗಟ್ಟಿನೊಳಗೆ ಅಡಗಿ ಕುಳಿತಿದೆ.

ಕಣ್ಣೊಳಗಿನ ಗೊಂಬೆ, ಕಾಲೊಳಗಿನ ಮೀನು

ದೇಹದ ಸಣ್ಣ ಭಾಗಗಳಿಗೆ ಹೆಸರಿಡುವಾಗ ಜನ ಕಂಡದ್ದನ್ನು ಕಂಡದ್ದಕ್ಕೆ ಹೋಲಿಸಿದರು. ಮೊಣಕಾಲಿನ ಕೆಳಗೆ, ಹಿಂಬದಿಯಲ್ಲಿ ಉಬ್ಬಿರುವ ಮಾಂಸಕ್ಕೆ ನಾವು 'ಮೀನಖಂಡ' ಎನ್ನುತ್ತೇವೆ. ನಡೆಯುವಾಗ ಅದು ಚರ್ಮದ ಕೆಳಗೆ ಮೀನಿನಂತೆ ಚಲಿಸುವುದನ್ನು ನೋಡಿದವರಿಗೆ ಈ ಹೆಸರು ಹೊಂದುತ್ತದೆ ಎನಿಸದೆ ಇರದು. ತಮಿಳರಿಗೂ ಹಾಗೆಯೇ ಕಂಡಿದೆ. ಅವರು ಅದನ್ನು 'ಕೆಂಡೈಕ್ಕಾಲ್' ಎನ್ನುತ್ತಾರೆ, ಕೆಂಡೈ ಎಂಬುದು ಒಂದು ಜಾತಿಯ ಮೀನು. ಇಂಗ್ಲಿಷಿನ 'ಮಸಲ್' ಪದದ ಮೂಲವಾದ ಲ್ಯಾಟಿನ್ ಪದಕ್ಕೆ 'ಪುಟ್ಟ ಇಲಿ' ಎಂದರ್ಥ. ನದಿಯ ದಡದವರಿಗೆ ಮೀನು ಕಂಡಲ್ಲಿ ರೋಮನ್ನರಿಗೆ ಇಲಿ ಕಂಡಿತು ಎನ್ನೋಣ.

ಕಣ್ಣಿನ ನಡುವಿನ ಕಪ್ಪು ವೃತ್ತ 'ಕಣ್ಣಪಾಪೆ'. ಪಾಪೆ ಎಂದರೆ ಗೊಂಬೆ. ಎದುರಿಗೆ ನಿಂತವರ ಕಣ್ಣೊಳಗೆ ಇಣುಕಿದರೆ ನಮ್ಮದೇ ಚಿಕ್ಕ ಪ್ರತಿಬಿಂಬ ಗೊಂಬೆಯಂತೆ ಕಾಣುತ್ತದಲ್ಲ, ಅದೇ ಈ ಹೆಸರಿನ ಗುಟ್ಟು. ಸೋಜಿಗದ ಸಂಗತಿಯೆಂದರೆ ಇಂಗ್ಲಿಷಿನ 'ಪ್ಯೂಪಿಲ್' ಬಂದಿರುವ ಲ್ಯಾಟಿನ್ ಪದದ ಅರ್ಥವೂ ಪುಟ್ಟ ಗೊಂಬೆಯೇ. ಗಂಟಲಿನಲ್ಲಿ ಜೋತಾಡುವ ಚೂರು ಮಾಂಸ ನಮಗೆ 'ಕಿರುನಾಲಿಗೆ'. ದ್ರಾಕ್ಷಿ ಬೆಳೆಯುವ ನಾಡಿನ ಲ್ಯಾಟಿನ್ ಭಾಷಿಕರಿಗೆ ಅದು 'ಪುಟ್ಟ ದ್ರಾಕ್ಷಿ'.

ಹೆಸರೇ ಇಲ್ಲದಿರುವುದೂ ಒಂದು ಹೆಸರು. ಕಿರುಬೆರಳಿನ ಪಕ್ಕದ ಬೆರಳಿಗೆ ಸಂಸ್ಕೃತದಲ್ಲಿ 'ಅನಾಮಿಕಾ', ಅಂದರೆ ಹೆಸರಿಲ್ಲದ್ದು. ಚೀನೀ ಮತ್ತು ರಷ್ಯನ್ ಭಾಷೆಗಳಲ್ಲೂ ಅದು ಹೆಸರಿಲ್ಲದ ಬೆರಳೇ. ಕನ್ನಡ ಮಾತ್ರ ಅದಕ್ಕೆ ಉಂಗುರ ತೊಡಿಸಿ ಉಂಗುರ ಬೆರಳು ಎಂದು ಕರೆದಿದೆ.

ಒಂದೇ ಪದ ಎಷ್ಟು ಕಡೆ ಕೆಲಸ ಮಾಡುತ್ತದೆ ಎಂಬುದಕ್ಕೆ 'ಸುಳಿ' ಒಳ್ಳೆಯ ಉದಾಹರಣೆ. ನೆತ್ತಿಯ ಮೇಲೆ ಕೂದಲು ಸುತ್ತಿಕೊಂಡಿರುವ ಜಾಗ ಸುಳಿ. ತಲೆಯಲ್ಲಿ ಎರಡು ಸುಳಿ ಇದ್ದವನಿಗೆ ಎರಡು ಮದುವೆ ಎಂದು ಹಳ್ಳಿಯ ಹೆಂಗಸರು ನಗೆಯಾಡುವುದುಂಟು. ದನದ ಸಂತೆಯಲ್ಲಿ ಎತ್ತು ಕೊಳ್ಳುವವನು ಮೊದಲು ನೋಡುವುದರಲ್ಲಿ ಅದರ ಮೈಮೇಲಿನ ಸುಳಿಯೂ ಒಂದು. ಹೊಳೆಯಲ್ಲಿ ನೀರು ಗಿರ್ರನೆ ತಿರುಗುವ ಜಾಗವೂ ಸುಳಿ. ಜೋಳದ ದಂಟಿನ ನಡುವಿನಿಂದ ಸುರುಳಿಯಾಗಿ ಹೊರಬರುವ ಎಳೆಯ ಎಲೆಯೂ ಸುಳಿ. ಅದನ್ನು ಒಣಗಿಸುವ ಕೀಟಕ್ಕೆ ಕೃಷಿ ಇಲಾಖೆಯವರೂ 'ಸುಳಿ ನೊಣ' ಎಂದೇ ಹೇಳುತ್ತಾರೆ. ತಲೆ, ಎತ್ತು, ಹೊಳೆ, ಹೊಲ ಈ ನಾಲ್ಕನ್ನೂ ದಿನವೂ ಕಂಡವರು ಮಾತ್ರ ಇಂಥ ಪದವನ್ನು ಇಷ್ಟು ಸಲೀಸಾಗಿ ಬಳಸಬಲ್ಲರು.

ಮೈಯೇ ಅಳತೆಗೋಲು

ಹೆಸರಿನ ಜೊತೆಗೆ ಮೈ ಅಳತೆಯನ್ನೂ ಕೊಟ್ಟಿತು. ಹೆಬ್ಬೆರಳು ಮತ್ತು ತೋರುಬೆರಳನ್ನು ಅಗಲಿಸಿದರೆ ಆಗುವ ಅಂತರ ಚೋಟು. ಹೆಬ್ಬೆರಳಿನಿಂದ ಕಿರುಬೆರಳಿನವರೆಗೆ ಗೇಣು. ಮೊಣಕೈಯಿಂದ ಬೆರಳ ತುದಿಯವರೆಗೆ ಮೊಳ. ಎರಡೂ ಕೈ ಚಾಚಿದರೆ ಮಾರು. ಬೆರಳ ತುದಿಯಲ್ಲಿ ಹಿಡಿದದ್ದು ಚಿಟಿಕೆ, ಮುಷ್ಟಿಯಲ್ಲಿ ಹಿಡಿದದ್ದು ಹಿಡಿ, ಎರಡು ಕೈ ಕೂಡಿಸಿದರೆ ಬೊಗಸೆ. ಮೊಣಕೈ, ಮೊಣಕಾಲು ಎಂಬ ಹೆಸರುಗಳೂ 'ಮೊಳ'ದ ಕುಟುಂಬಕ್ಕೇ ಸೇರಿದವು ಎಂಬುದನ್ನು ಅವುಗಳ ಹಳಗನ್ನಡ ರೂಪಗಳು ತೋರಿಸುತ್ತವೆ.

1956ರಲ್ಲಿ ತೂಕ ಮತ್ತು ಅಳತೆಗಳ ಕಾಯ್ದೆ ಬಂದು ದೇಶಕ್ಕೆಲ್ಲ ಮೆಟ್ರಿಕ್ ಪದ್ಧತಿ ಅನ್ವಯವಾಯಿತು. ಆದರೂ ಹೂವಿನ ಬುಟ್ಟಿಯ ಮುಂದೆ ಕುಳಿತವಳು ಇಂದಿಗೂ ಮೊಳದ ಲೆಕ್ಕದಲ್ಲೇ ಮಾರುತ್ತಾಳೆ. ಅರ್ಧ ಮೀಟರ್ ಮಲ್ಲಿಗೆ ಕೊಡಿ ಎಂದು ಕೇಳಿದವರನ್ನು ನಾನಂತೂ ಕಂಡಿಲ್ಲ. ಕೆಲಸ ಇರುವ ತನಕ ಪದ ಸಾಯುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಕೊಡಲಿಯ ಕಾವು, ಒನಕೆಯ ಅಣಸು

ಕೆಲಸ ನಿಂತರೆ ಏನಾಗುತ್ತದೆ ಎಂಬುದನ್ನು ತಿಳಿಯಲು ಮನೆಯ ಅಟ್ಟ ಹತ್ತಿದರೆ ಸಾಕು. ಕೊಡಲಿಯ ಮರದ ಹಿಡಿಕೆಗೆ 'ಕಾವು' ಎಂದು ಹೆಸರು. 'ಕೊಡಲಿ ಕಾವು ಕುಲಕ್ಕೆ ಸಾವು' ಎಂಬ ಗಾದೆ ಎಲ್ಲರಿಗೂ ಗೊತ್ತು. ಮರದಿಂದಲೇ ಆದ ಹಿಡಿಕೆ ಮರವನ್ನು ಕಡಿಯಲು ನೆರವಾಗುತ್ತದೆ ಎಂಬುದು ಗಾದೆಯ ಜೀವ. ಕಾವು ಎಂದರೆ ಬಿಸಿ ಎಂದಷ್ಟೇ ತಿಳಿದವರಿಗೆ ಗಾದೆ ಒಡಪಾಗಿಬಿಡುತ್ತದೆ. ಹರಿಗೋಲನ್ನು ನಡೆಸುವ ಸಾಧನ 'ಹುಟ್ಟು'. ಹೊಳೆಗೆ ಸೇತುವೆಯಾದ ಮೇಲೆ ಹುಟ್ಟು ಎಂದರೆ ಜನನ ಎಂದಷ್ಟೇ ಉಳಿಯುತ್ತದೆ.

ಒನಕೆಯ ತುದಿ ಸೀಳದಂತೆ ತೊಡಿಸುವ ಕಬ್ಬಿಣದ ಬಳೆ 'ಅಣಸು'. ಷೂ ಲೇಸಿನ ತುದಿ ಬಿಚ್ಚದಂತೆ ಹಾಕಿದ ಪುಟ್ಟ ಕೊಳವೆಗೆ ಇಂಗ್ಲಿಷಿನಲ್ಲಿ 'ಆ್ಯಗ್ಲೆಟ್' ಎನ್ನುತ್ತಾರೆ ಎಂಬುದನ್ನು ಕ್ವಿಜ್ ಪುಸ್ತಕ ಓದಿದ ಮಕ್ಕಳು ಥಟ್ಟನೆ ಹೇಳಿಯಾರು. ಅದೇ ಬಗೆಯ ಕೆಲಸ ಮಾಡುವ ಅಣಸು ಯಾವ ಕ್ವಿಜ್‌ನಲ್ಲೂ ಬಂದಂತಿಲ್ಲ. ಗಾಲಿ ಕಳಚದಂತೆ ಅಚ್ಚಿನ ತುದಿಗೆ ಸಿಕ್ಕಿಸುವ ಕೀಲು 'ಕಡಾಣಿ'. ಬಂಡಿಯ ಮುಂದೆ ಚಾಚಿಕೊಂಡು ನೊಗವನ್ನು ಹೊರುವ ಮರ 'ಮೂಕಿ'. ನೊಗವನ್ನು ಬಿಗಿಯುವ ತೊಗಲಿನ ಹಗ್ಗ 'ಮಿಣಿ'. ಟ್ರ್ಯಾಕ್ಟರ್ ಬಂದ ಹೊಲದಲ್ಲಿ ಈ ಯಾವ ಪದಕ್ಕೂ ಕೂಲಿ ಸಿಗುವುದಿಲ್ಲ.

ನಾರಾಯಣಪುರದ ಬಸವಸಾಗರ ಜಲಾಶಯದ ಕಾಲುವೆಗಳು ಶಹಾಪುರ, ಸುರಪುರ ಭಾಗಕ್ಕೆ ನೀರು ತಂದವು. ಜೋಳದ ಹೊಲಗಳು ಅನೇಕ ಕಡೆ ಭತ್ತದ ಗದ್ದೆಗಳಾದವು. ನೀರು ಬಂದದ್ದನ್ನು ಯಾವ ರೈತನೂ ದೂರುವುದಿಲ್ಲ, ದೂರಬಾರದು. ಆದರೆ ಬೆಳೆಯ ಜೊತೆಗೆ ಉಪಕರಣ ಬದಲಾಗುತ್ತದೆ, ಉಪಕರಣದ ಜೊತೆಗೆ ಮಾತು ಬದಲಾಗುತ್ತದೆ. ಇದನ್ನು ಯಾರೂ ಗೊತ್ತುಮಾಡಿ ಮಾಡಿದ್ದಲ್ಲ.

ಮಗ್ಗದ ಪದಗಳಿಗೆ ಮಾತ್ರ ಅದೃಷ್ಟ ಸ್ವಲ್ಪ ಚೆನ್ನಾಗಿತ್ತು. ಬಸವಣ್ಣನವರಿಗಿಂತ ಹಿಂದಿನ ವಚನಕಾರ ಜೇಡರ ದಾಸಿಮಯ್ಯ ಸುರಪುರ ಸೀಮೆಯ ಮುದನೂರಿನವರು, ಕಾಯಕದಲ್ಲಿ ನೇಕಾರರು. ಮಗ್ಗದಲ್ಲಿ ಉದ್ದಕ್ಕೆ ಕಟ್ಟಿದ ಎಳೆ 'ಹಾಸು', ಅಡ್ಡಕ್ಕೆ ಲಾಳಿ ಎಳೆದೊಯ್ಯುವ ಎಳೆ 'ಹೊಕ್ಕು'. ಮಗ್ಗವನ್ನೇ ನೋಡದವರೂ ಇಂದು ಭಾಷಣದಲ್ಲಿ ಸಂಸ್ಕೃತಿ ಬದುಕಿನೊಂದಿಗೆ 'ಹಾಸುಹೊಕ್ಕಾಗಿದೆ' ಎನ್ನುತ್ತಾರೆ. ಹೆಡೆಮುರಿಯಂತೆ ಇದೂ ನುಡಿಗಟ್ಟಿನ ನೆರಳಲ್ಲಿ ಉಳಿದುಕೊಂಡ ಪದ.

ಯಾರ ಮನೆಯ ಪದ?

ಇಷ್ಟು ಹೇಳಿದಾಗ ಇದು ಅಚ್ಚಗನ್ನಡದ ಪರ ವಕಾಲತ್ತು ಎಂದು ಯಾರಾದರೂ ಭಾವಿಸಬಹುದು. ಹಾಗಲ್ಲ. ವಡಗೇರಾದ ಅಜ್ಜಿ ಹೋದದ್ದು 'ದವಾಖಾನಿ'ಗೆ. ದವಾ ಅರಬ್ಬಿಯದು, ಖಾನಾ ಪಾರಸಿಯದು. ಅವಳ ಬಗಲು ಪಾರಸಿಯಿಂದ ಬಂದದ್ದು. ನನ್ನ ಅಂಗಿಯ 'ಕಿಸೆ'ಯೂ ಆ ದಾರಿಯದೇ. ಬೆಂಗಳೂರಿನವರು ಹೇಳುವ 'ಜೇಬು' ಕೂಡ ಅರಬ್ಬಿಯಿಂದ ಬಂದಿದೆ.

ಈ ಸೀಮೆ 1948ರ ಸೆಪ್ಟೆಂಬರ್‌ವರೆಗೆ ಹೈದರಾಬಾದ್ ನಿಜಾಮರ ಆಡಳಿತದಲ್ಲಿತ್ತು. ಉರ್ದು ಕಚೇರಿಯ ಭಾಷೆಯಾಗಿತ್ತು. 1956ರ ನವೆಂಬರ್ 1ರಂದು ಇದು ಮೈಸೂರು ರಾಜ್ಯಕ್ಕೆ ಸೇರಿತು. ಪಕ್ಕದಲ್ಲಿ ತೆಲುಗು ನಾಡು, ಸ್ವಲ್ಪ ದೂರದಲ್ಲಿ ಮರಾಠಿ. ಹೀಗಾಗಿ ಇಲ್ಲಿಯ ಮಾತಿನಲ್ಲಿ ಹಳಗನ್ನಡದ ಹರಡೂ ಪಾರಸಿಯ ಬಗಲೂ ಒಂದೇ ಮೈಮೇಲೆ ಜಗಳವಿಲ್ಲದೆ ಬಾಳುತ್ತವೆ. ಕನ್ನಡದಲ್ಲಿ ದೊರೆತಿರುವ ಮೊದಲ ಗ್ರಂಥ 'ಕವಿರಾಜಮಾರ್ಗ' 9ನೇ ಶತಮಾನದಲ್ಲಿ ರಚಿತವಾದದ್ದು ರಾಷ್ಟ್ರಕೂಟರ ಆಸ್ಥಾನದಲ್ಲಿ. ಅವರ ರಾಜಧಾನಿ ಮಾನ್ಯಖೇಟ ಇಂದು ನೆರೆಯ ಕಲಬುರಗಿ ಜಿಲ್ಲೆಯ ಮಳಖೇಡ. ಕನ್ನಡ ಒಂದಲ್ಲ, ಹಲವು ಎಂಬ ಮಾತು ಆ ಗ್ರಂಥದಲ್ಲೇ ಇದೆ. ಶಾಲೆಯ ಪುಸ್ತಕ ಮಾತ್ರ ಒಂದೇ ಕನ್ನಡವನ್ನು ಕಲಿಸುತ್ತದೆ. ಎಲುಬು ಎಂದು ಹೇಳುತ್ತ ಬಂದ ಮಗು ಪರೀಕ್ಷೆಯಲ್ಲಿ ಮೂಳೆ ಎಂದು ಬರೆಯುತ್ತದೆ. ಮನೆಯ ಪದ ತಪ್ಪು, ಪುಸ್ತಕದ ಪದ ಸರಿ ಎಂಬ ನಾಚಿಕೆ ಅಲ್ಲಿಂದಲೇ ಶುರುವಾಗುತ್ತದೆ. ನನಗೆ ಹರಡು ಗೊತ್ತಿಲ್ಲದೆ ಹೋದದ್ದಕ್ಕೆ ಕಾರಣ ಇಂಗ್ಲಿಷ್ ಒಂದೇ ಅಲ್ಲ.

ನಿಘಂಟು ಮತ್ತು ದವಾಖಾನೆ

ಇಂಥ ಪದಗಳನ್ನು ಉಳಿಸಿದವರಲ್ಲಿ ಮೊದಲು ನೆನೆಯಬೇಕಾದವರು ರೆವರೆಂಡ್ ಕಿಟೆಲ್. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಿಸಿದ ಅವರ ಕನ್ನಡ-ಇಂಗ್ಲಿಷ್ ನಿಘಂಟಿನಲ್ಲಿ ಕಾವ್ಯದ ಪದಗಳ ಪಕ್ಕದಲ್ಲೇ ಅಡುಗೆಮನೆಯ, ಹೊಲಮನೆಯ ಪದಗಳೂ ಗಾದೆಗಳೂ ಜಾಗ ಪಡೆದಿವೆ. ಕನ್ನಡ ಸಾಹಿತ್ಯ ಪರಿಷತ್ತಿನ 8 ಸಂಪುಟಗಳ ಬೃಹತ್ ನಿಘಂಟು 1995ರಲ್ಲಿ ಪೂರ್ಣಗೊಂಡಿತು. ಅದು ಮುಖ್ಯವಾಗಿ ಶಾಸನ ಮತ್ತು ಗ್ರಂಥಗಳ ಪ್ರಯೋಗಗಳನ್ನು ಆಧರಿಸಿದ್ದು. ಹಾಗಾಗಿ ಯಾರೂ ಬರೆದಿಡದ ಮಾತು ಅಂಥ ನಿಘಂಟಿನ ಬಾಗಿಲ ಹೊರಗೇ ಉಳಿಯುವುದು ಸಹಜ.

ಬರೆದಿಡದ ಮಾತನ್ನು ಹುಡುಕಲು ನೆರೆಯ ತೆಲುಗರು ಬೇರೊಂದು ದಾರಿ ಹಿಡಿದರು. ಭಾಷಾವಿಜ್ಞಾನಿ ಭದ್ರಿರಾಜು ಕೃಷ್ಣಮೂರ್ತಿಯವರ ನೇತೃತ್ವದಲ್ಲಿ ಆಂಧ್ರಪ್ರದೇಶ ಸಾಹಿತ್ಯ ಅಕಾಡೆಮಿ 1962ರಲ್ಲಿ ಬೇಸಾಯದ ಪದಗಳದ್ದೇ ಒಂದು ಕೋಶ ತಂದಿತು. 1971ರಲ್ಲಿ ಕೈಮಗ್ಗದ ಪದಗಳ ಸಂಪುಟ ಬಂತು. ಅದಕ್ಕಾಗಿ ಊರೂರಿಗೆ ಹೋಗಿ ರೈತರನ್ನೂ ನೇಕಾರರನ್ನೂ ಕೇಳಲಾಯಿತು. ಕನ್ನಡದಲ್ಲೂ ವೃತ್ತಿಪದಗಳ ಸಂಗ್ರಹ ನಡೆದಿದೆ. ಆದರೆ ಇಂಥ ಸಂಗ್ರಹಗಳು ಗ್ರಂಥಾಲಯದ ಕಪಾಟಿನಲ್ಲಿ ಉಳಿದರೆ ಪ್ರಯೋಜನ ಅರ್ಧ ಮಾತ್ರ. ಅವು ತಲುಪಬೇಕಾದ ಜಾಗಗಳಲ್ಲಿ ದವಾಖಾನೆಯೂ ಒಂದು.

ಇದು ಭಾವುಕತೆಯ ಮಾತಲ್ಲ. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ರೊನಾಲ್ಡ್ ಮೆಲ್ಜಾಕ್ 1975ರಲ್ಲಿ ನೋವಿನ ಪ್ರಶ್ನಾವಳಿಯೊಂದನ್ನು ಪ್ರಕಟಿಸಿದರು. ರೋಗಿಗಳು ನೋವನ್ನು ಬಣ್ಣಿಸಲು ಬಳಸುವ 78 ಪದಗಳನ್ನು 20 ಗುಂಪುಗಳಾಗಿ ವಿಂಗಡಿಸಿದ ಪಟ್ಟಿ ಅದು. ಉರಿಯುವ ನೋವು ಬೇರೆ, ಹಿಂಡುವ ನೋವು ಬೇರೆ, ಚುಚ್ಚುವ ನೋವು ಬೇರೆ. ರೋಗಿ ಆಯ್ದುಕೊಂಡ ಪದವೇ ವೈದ್ಯರಿಗೆ ಸುಳಿವು ಎಂಬುದು ಅದರ ತಿರುಳು. ನಮ್ಮ ಅಜ್ಜಿಯರ ಬಾಯಲ್ಲಿ ಇಂಥ ಪಟ್ಟಿ ಸಿದ್ಧವಾಗಿಯೇ ಇದೆ. ಹೊಟ್ಟೆ ನುಲಿಯುತ್ತದೆ, ತಲೆ ಸಿಡಿಯುತ್ತದೆ, ಕಾಲು ಜೋಮು ಹಿಡಿಯುತ್ತದೆ, ಮೀನಖಂಡ ಜಗ್ಗುತ್ತದೆ, ಟೊಂಕದಲ್ಲಿ ಚಳುಕು ಹೊಡೆಯುತ್ತದೆ. ಎಲ್ಲವನ್ನೂ 'ನೋವು' ಎಂಬ ಒಂದೇ ಪದಕ್ಕೆ ಇಳಿಸಿ ಬರೆದುಕೊಂಡರೆ ಸುಳಿವು ಕೈತಪ್ಪುತ್ತದೆ. ಅದರ ಬೆಲೆ ತೆರುವವಳು ರೋಗಿ. ಒಂದು ದಿನದ ಕೂಲಿ ಬಿಟ್ಟು, ಬಸ್ಸಿನ ಹಣ ಕೊಟ್ಟು ಬಂದವಳು ಮತ್ತೊಮ್ಮೆ ಬರಬೇಕಾಗುತ್ತದೆ.

2019ರಲ್ಲಿ ಜಾರಿಗೆ ಬಂದ ಎಂಬಿಬಿಎಸ್ ಪಠ್ಯಕ್ರಮದ ಆರಂಭದ ತರಬೇತಿಯಲ್ಲಿ ಸ್ಥಳೀಯ ಭಾಷೆಯ ಕಲಿಕೆಗೂ ಅವಕಾಶವಿದೆ. ಯಾದಗಿರಿಯಲ್ಲೂ ಈಗ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ. 'ಊಟ ಆಯಿತೇ' ಎಂಬ ಪಾಠದ ಜೊತೆಗೆ ಆಯಾ ಸೀಮೆಯ ಮೈ ಹೆಸರುಗಳು ಮತ್ತು ನೋವಿನ ಪದಗಳ ಒಂದು ಹಾಳೆ ಸೇರಿಸಲು ಹೆಚ್ಚು ಖರ್ಚಿಲ್ಲ. ಹೊರರಾಜ್ಯದ ವಿದ್ಯಾರ್ಥಿಗೆ ಮಾತ್ರವಲ್ಲ, ಮೈಸೂರಿನ ಮತ್ತು ಮಂಗಳೂರಿನ ಕನ್ನಡಿಗನಿಗೂ ಅದು ಬೇಕು. ನನ್ನಂಥ ವಡಗೇರಾದ ಮೊಮ್ಮಕ್ಕಳಿಗೂ ಬೇಕು.

ಹದಿನೈದು ದಿನ ಬಿಟ್ಟು ಅಜ್ಜಿಯನ್ನು ಮತ್ತೆ ಅದೇ ವೈದ್ಯರ ಬಳಿಗೆ ಕರೆದುಕೊಂಡು ಹೋದೆ. ಈ ಸಲ ಕಿಸೆಯಲ್ಲಿ ಒಂದು ಚೀಟಿ ಇತ್ತು. ಅಜ್ಜಿಯನ್ನು ಕೇಳಿ ಕೇಳಿ, ತಲೆಯ ಸುಳಿಯಿಂದ ಕಾಲಿನ ಹಿಮ್ಮಡದವರೆಗೆ ಬರೆದುಕೊಂಡ ಪದಗಳು. ಅದನ್ನು ಹೊರತೆಗೆಯುವ ಮೊದಲೇ ವೈದ್ಯರು ಅಜ್ಜಿಯನ್ನು ಗುರುತಿಸಿ ನಕ್ಕರು.

"ಬನ್ನಿ ಅಜ್ಜಿ. ಹರಡು ಹೇಗಿದೆ?"

"ಹರಡು ಆರಾಮದ್ರೀ ಸಾಹೇಬ್ರ" ಎಂದಳು ಅಜ್ಜಿ. "ಈಗ ಹೆಡಕ ಹಿಡದದ."

ನಾನು ಚೀಟಿಯನ್ನು ಮೇಜಿನ ಮೇಲೆ ಇಟ್ಟೆ.